ಮನೆಯಲ್ಲಿ ಮೂವರಿಗೆ ತುರಿಕೆ, ಟ್ಯೂಬ್ ಮಾತ್ರ ಒಂದೇ: ಯಾರದ್ದು ಯಾವ ಇಸುಬು?

ನೀರ್ಚಾಲು_ಸೊಸೆ
ಎಲ್ಲರಿಗೂ ನಮಸ್ಕಾರ. ನಮ್ಮದು ನೀರ್ಚಾಲಿನ ಹತ್ತಿರ ಅಡಿಕೆ ತೋಟದ ಮನೆ. ಈಗ ಮನೆಯಲ್ಲಿ ಮೂವರಿಗೆ ತುರಿಕೆ.

ಮಗಳಿಗೆ 4 ವರ್ಷ. ಮೊಣಕೈ ಮಡಚುವಲ್ಲಿ ಮತ್ತು ಮೊಣಕಾಲಿನ ಹಿಂಬದಿ ಕೆಂಪಾಗಿ, ಒರಟಾಗಿದೆ. ರಾತ್ರಿ ತುರಿಸಿ ರಕ್ತ ಬರಿಸಿಕೊಳ್ಳುತ್ತಾಳೆ. ನಮ್ಮವರಿಗೆ ಎರಡೂ ಅಂಗೈ ಒಡೆದು ಉರಿ. ಅಡಿಕೆಗೆ ಕೊಳೆರೋಗದ ಬೋರ್ಡೋ ಮದ್ದು ಬಿಡುವ ಸಮಯದಲ್ಲಿ ಜಾಸ್ತಿ. ಅವರ ತೊಡೆಯಲ್ಲಿ ಬೇರೆ ಒಂದು ಉರುಟು ಕಲೆ ಉಂಟು, ಅದು ದೊಡ್ಡದಾಗುತ್ತಾ ಇದೆ. ಅತ್ತೆಗೆ ಎಡಗಾಲಿನ ಗಂಟಿನ ಒಳಬದಿ ಕಪ್ಪಾಗಿ ನೀರು ಒಸರುತ್ತಿದೆ.

ಮೆಡಿಕಲ್ ಶಾಪಿನವರು ಒಂದು ಟ್ಯೂಬ್ ಕೊಟ್ಟರು. ಮೂವರಿಗೂ ಅದೇ. ಹಚ್ಚಿದಾಗ ಕಡಿಮೆ, ಬಿಟ್ಟರೆ ಮತ್ತೆ ಶುರು. ಇದು ಒಬ್ಬರಿಂದ ಒಬ್ಬರಿಗೆ ದಾಟುವಂಥದ್ದಾ? ಅತ್ತೆ ಹೇಳುವುದು ರಕ್ತ ಕೆಟ್ಟಿದೆ, ಬದನೆಕಾಯಿ ಬಿಡಿ ಅಂತ.

ಪೈವಳಿಕೆ_ಅಜ್ಜ
ಮಗಾ, ತೋಟದಲ್ಲಿ ಚೇರೆ ಮರ ಉಂಟಾ ನೋಡು. ಅದರ ಅಡಿಯಲ್ಲಿ ಹೋದರೂ ಕೆಲವರಿಗೆ ಮೈಯೆಲ್ಲ ಏಳುತ್ತದೆ. ನಮ್ಮ ಕಾಲದಲ್ಲಿ ತಾರೆ ಮರಕ್ಕೆ ಸುತ್ತು ಬಂದು ಕೈ ಮುಗಿಯುತ್ತಿದ್ದೆವು. ಕಡಿಮೆಯಾಗುತ್ತಿತ್ತು.

ಕೌಂಟರಿನ_ಆಚೆ
ನಾನು ಉಪ್ಪಳದಲ್ಲಿ ಔಷಧಿ ಅಂಗಡಿ ಇಟ್ಟವನು. ಅಕ್ಕ, ಟ್ಯೂಬಿನ ಹೆಸರು ಇಲ್ಲಿ ಹಾಕಬೇಡಿ. ಹಿಂಬದಿ ಸಣ್ಣ ಅಕ್ಷರದಲ್ಲಿ ಏನೇನು ಉಂಟು ಅಂತ ಓದಿ ಹೇಳಿ.

ನೀರ್ಚಾಲು_ಸೊಸೆ
ಕ್ಲೋಬೆಟಸಾಲ್, ನಿಯೋಮೈಸಿನ್, ಮೈಕೊನಜೋಲ್ ಅಂತ ಮೂರು ಹೆಸರು ಉಂಟು.

ಕೌಂಟರಿನ_ಆಚೆ
ಅಂದುಕೊಂಡದ್ದೇ. ಒಂದು ಸ್ಟೀರಾಯ್ಡ್, ಒಂದು ಆಂಟಿಬಯೋಟಿಕ್, ಒಂದು ಫಂಗಸ್ ಮದ್ದು. ಯಾವ ಕಾಯಿಲೆ ಅಂತ ಗೊತ್ತಿಲ್ಲದಿದ್ದಾಗ ಎಲ್ಲದಕ್ಕೂ ಒಂದೇ ಕಲ್ಲು. ಕ್ಲೋಬೆಟಸಾಲ್ ಅಂದರೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ ಅತಿ ಜೋರಿನದ್ದು. ನಾಲ್ಕು ವರ್ಷದ ಮಗುವಿಗೆ ಕೇಳಿಕೊಂಡು ಬಂದರೆ ನಾನಂತೂ ಕೊಡುವುದಿಲ್ಲ. 2018ರಲ್ಲಿ ಕೇಂದ್ರ ಸರಕಾರ ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿದೆ. ಡಾಕ್ಟರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಆದರೂ ಮಾರುತ್ತಾರೆ. ಕೇಳುವವರು ಇದ್ದಾರೆ, ಕೊಡುವವರೂ ಇದ್ದಾರೆ.

ಪೆರ್ಲದ_ಚರ್ಮವೈದ್ಯೆ
ನಾನು ಪೆರ್ಲದವಳು, ಈಗ ಮಂಗಳೂರಿನಲ್ಲಿ ಚರ್ಮದ ಡಾಕ್ಟರ್. ಕಣ್ಣಾರೆ ನೋಡದೆ ಮದ್ದು ಬರೆಯಲು ಆಗುವುದಿಲ್ಲ. ಆದರೆ ಇಸುಬಿನಲ್ಲಿ ಎಲ್ಲಿ ಬಂದಿದೆ, ಯಾವ ವಯಸ್ಸಿಗೆ ಬಂದಿದೆ, ಏನು ತಾಗಿದ ಮೇಲೆ ಬಂದಿದೆ ಅನ್ನುವ ಮೂರು ಪ್ರಶ್ನೆಗೇ ಅರ್ಧ ಉತ್ತರ ಸಿಗುತ್ತದೆ.

ಮೊದಲು ಒಂದು ಅನುಮಾನ ತೀರಿಸಿಕೊಳ್ಳಬೇಕು. ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ತುರಿಕೆ ಅಂದರೆ ನಾವು ಮೊದಲು ಹುಡುಕುವುದು ಕಜ್ಜಿಯನ್ನು. ಬೆರಳಿನ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತ, ಗಂಡಸರಿಗೆ ಜನನಾಂಗದ ಮೇಲೆ ಸಣ್ಣ ಗುಳ್ಳೆ ಇದೆಯಾ? ರಾತ್ರಿ ಹಾಸಿಗೆ ಬಿಸಿಯಾದ ಕೂಡಲೇ ಎಲ್ಲರೂ ಏಳುತ್ತೀರಾ? ಹೌದಾದರೆ ಅದು ಹುಳದ ಕಾಟ, ಇಸುಬಲ್ಲ. 5% ಪರ್ಮೆಥ್ರಿನ್ ಕ್ರೀಮನ್ನು ಕುತ್ತಿಗೆಯಿಂದ ಕೆಳಗೆ ಮೈಯೆಲ್ಲ ಹಚ್ಚಿ, ರಾತ್ರಿ ಬಿಟ್ಟು ಬೆಳಿಗ್ಗೆ ತೊಳೆಯುವುದು. ಒಂದು ವಾರ ಬಿಟ್ಟು ಇನ್ನೊಮ್ಮೆ. ತುರಿಕೆ ಇಲ್ಲದವರೂ ಅದೇ ದಿನ ಹಚ್ಚಬೇಕು. ಒಬ್ಬರು ಬಿಟ್ಟರೂ ಮನೆ ಸುತ್ತಿ ಮತ್ತೆ ಬರುತ್ತದೆ.

ನೀರ್ಚಾಲು_ಸೊಸೆ
ಇಲ್ಲ ಮೇಡಂ. ಬೆರಳ ಸಂದಿಯಲ್ಲಿ ಯಾರಿಗೂ ಇಲ್ಲ. ಮೂವರದ್ದೂ ಬೇರೆ ಬೇರೆ ಜಾಗ. ನನಗೆ ಏನೂ ಇಲ್ಲ. ಮಗಳಿಗೆ ಹುಟ್ಟಿ ಆರು ತಿಂಗಳಿಗೇ ಕೆನ್ನೆ ಕೆಂಪಾಗುತ್ತಿತ್ತು. ನಮ್ಮವರಿಗೆ ಸಣ್ಣದರಲ್ಲಿ ದಮ್ಮು ಇತ್ತಂತೆ.

ಪೆರ್ಲದ_ಚರ್ಮವೈದ್ಯೆ
ಹಾಗಾದರೆ ಯಾರಿಂದಲೂ ಯಾರಿಗೂ ದಾಟಿಲ್ಲ. ಇಸುಬು ಅಂಟುವ ರೋಗವಲ್ಲ. ಮಗುವಿನ ಬಟ್ಟೆ ಬೇರೆ, ಲೋಟ ಬೇರೆ ಮಾಡಬೇಡಿ.

ಮಗಳದ್ದು ಅಟೋಪಿಕ್ ಇಸುಬು ಇರಬಹುದು. ಕೈಗೂಸಿಗೆ ಕೆನ್ನೆಯಲ್ಲಿ ಶುರುವಾಗಿ, ನಡೆಯುವ ವಯಸ್ಸಿಗೆ ಮೊಣಕೈ, ಮೊಣಕಾಲಿನ ಮಡಿಕೆಗೆ ಇಳಿಯುವುದು ಇದರ ಹಳೇ ದಾರಿ. ಮನೆಯಲ್ಲಿ ಯಾರಿಗಾದರೂ ದಮ್ಮು, ಬೆಳಿಗ್ಗೆ ಸೀನು, ಶೀತ ಇರುತ್ತದೆ. ರಕ್ತ ಕೆಟ್ಟದ್ದಲ್ಲ. ಚರ್ಮದ ಹೊರಪದರವೇ ಸೋರುತ್ತದೆ. ಒಳಗಿನ ನೀರು ಹೊರಗೆ ಹೋಗುತ್ತದೆ, ಹೊರಗಿನ ಸೋಪು, ಧೂಳು ಒಳಗೆ ಬರುತ್ತದೆ. ಈ ಪದರ ಕಟ್ಟುವ ಫಿಲಾಗ್ರಿನ್ ಅನ್ನುವ ಪ್ರೋಟೀನಿನ ಜೀನಿನಲ್ಲಿ ದೋಷ ಇದ್ದರೆ ಈ ಇಸುಬು ಬರುವ ಸಾಧ್ಯತೆ ಜಾಸ್ತಿ ಅಂತ 2006ರಲ್ಲಿ ತಿಳಿಯಿತು.

ಹಾಗಾಗಿ ಮೊದಲ ಮದ್ದು ಮಾಯಿಶ್ಚರೈಸರ್. ಚಿಟಿಕೆಯಷ್ಟಲ್ಲ, ಧಾರಾಳವಾಗಿ. ಸ್ನಾನ ಐದು ಹತ್ತು ನಿಮಿಷ, ಉಗುರುಬೆಚ್ಚಗಿನ ನೀರು. ನಮ್ಮ ಕಡೆ ಹಂಡೆಯಲ್ಲಿ ಕೊತಕೊತ ಕುದಿಸಿ ಮಗುವಿನ ಮೈಗೆ ಸುರಿದು ಕಡಲೆಹಿಟ್ಟು ಹಾಕಿ ತಿಕ್ಕುತ್ತಾರಲ್ಲ, ಅದು ಬೇಡ. ಟವೆಲಿನಲ್ಲಿ ಒತ್ತಿ ಒರೆಸಿ, ಮೈ ಇನ್ನೂ ಒದ್ದೆ ಇರುವಾಗಲೇ ಹಚ್ಚಿ. ವಾಸನೆ ಇಲ್ಲದ ಕ್ರೀಮ್ ಅಥವಾ ಬರೀ ಪೆಟ್ರೋಲಿಯಂ ಜೆಲ್ಲಿ ಸಾಕು. ದುಬಾರಿಯದ್ದು ತಂದು ಉಳಿಸಿ ಉಳಿಸಿ ಹಚ್ಚುವುದಕ್ಕಿಂತ ಅಗ್ಗದ್ದು ತಂದು ದಿನಕ್ಕೆ ಎರಡು ಮೂರು ಸಲ ಹಚ್ಚುವುದೇ ಮೇಲು.

ಕೆಂಪಾಗಿ ಕೆರಳಿದಾಗ ಸ್ಟೀರಾಯ್ಡ್ ಬೇಕಾಗುತ್ತದೆ, ಆದರೆ ಸರಿಯಾದ ಜೋರಿನದ್ದು. ಮುಖಕ್ಕೆ ಹೈಡ್ರೊಕಾರ್ಟಿಸೋನ್‌ನಂಥ ಮೆದು ಮದ್ದು, ಕೈಕಾಲಿಗೆ ಅದಕ್ಕಿಂತ ಸ್ವಲ್ಪ ಮೇಲಿನದ್ದು, ಕೆಲವೇ ದಿನ. ಪದೇ ಪದೇ ಬರುತ್ತಿದ್ದರೆ 2 ವರ್ಷ ದಾಟಿದ ಮಕ್ಕಳಿಗೆ 0.03% ಟ್ಯಾಕ್ರೊಲಿಮಸ್ ಮುಲಾಮು ಉಂಟು. ಅದು ಸ್ಟೀರಾಯ್ಡ್ ಅಲ್ಲ, ಚರ್ಮ ತೆಳುವಾಗುವುದಿಲ್ಲ. ಮೊದಲ ಕೆಲವು ದಿನ ಉರಿಯುತ್ತದೆ, ಹೆದರಬೇಡಿ.

ಒಂದು ಎಚ್ಚರಿಕೆ. ಇಸುಬು ಇರುವ ಮಗುವಿಗೆ ಜ್ವರ ಬಂದು, ಒಂದೇ ಅಳತೆಯ ನೀರುಗುಳ್ಳೆ ಗುಂಪಾಗಿ ಎದ್ದು ಒಡೆದು ಕುಳಿ ಬಿದ್ದರೆ ಅದು ಹರ್ಪಿಸ್ ವೈರಸ್ ಹತ್ತಿದ್ದು. ಅದಕ್ಕೆ ಮರುದಿನದವರೆಗೆ ಕಾಯಬಾರದು, ಅದೇ ದಿನ ಆಸ್ಪತ್ರೆ.

ದುಬೈ_ಬಸ್ಸು
ಮೇಡಂ, ಅವರ ಯಜಮಾನರ ತೊಡೆಯ ಕಲೆ ಓದುವಾಗ ನನ್ನ ರೂಮಿನವನ ನೆನಪಾಯಿತು. ಅವನಿಗೂ ಉರುಟು ಕಲೆ. ಒಬ್ಬ ಡಾಕ್ಟರು ಇಸುಬು ಅಂದರು, ಇನ್ನೊಬ್ಬರು ಹುಳುಕಡ್ಡಿ ಅಂದರು. ನೋಡಿ ಹೇಳುವುದು ಹೇಗೆ?

ಪೆರ್ಲದ_ಚರ್ಮವೈದ್ಯೆ
ಒಳ್ಳೆ ಪ್ರಶ್ನೆ. ನಮಗೂ ಕೆಲವು ಸಲ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಹುಳುಕಡ್ಡಿಯಲ್ಲಿ ಅಂಚು ಎದ್ದು ಕೆಂಪಾಗಿರುತ್ತದೆ, ನಡು ತಿಳಿಯಾಗುತ್ತಾ ಬರುತ್ತದೆ, ಉಂಗುರ ಹೊರಗೆ ಬೆಳೆಯುತ್ತದೆ. ಸಾಮಾನ್ಯವಾಗಿ ತೊಡೆಸಂದು, ಸೊಂಟ, ಬೆವರುವ ಜಾಗ. ನಾಣ್ಯದ ಆಕಾರದ ಇಸುಬಿನಲ್ಲಿ ಕಲೆ ಪೂರ್ತಿ ಒಂದೇ ರೀತಿ, ನಡುವೆಯೂ ಒಸರು, ಹೆಕ್ಕಳೆ. ಹೆಚ್ಚಾಗಿ ಕಾಲು, ಕೈಯ ಹೊರಮೈ. ಸಂಶಯ ಇದ್ದರೆ ಅಂಚಿನಿಂದ ಸ್ವಲ್ಪ ಸಿಪ್ಪೆ ಕೆರೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಮೈಕ್ರೊಸ್ಕೋಪಿನಲ್ಲಿ ನೋಡುತ್ತೇವೆ. ಫಂಗಸ್ ಇದ್ದರೆ ಎಳೆ ಎಳೆಯಾಗಿ ಕಾಣುತ್ತದೆ. ಖರ್ಚು ಕಡಿಮೆ, ಅಲ್ಲೇ ಗೊತ್ತಾಗುತ್ತದೆ.

ತೊಂದರೆ ಶುರುವಾಗುವುದು ಈ ಮೂರು ಹೆಸರಿನ ಟ್ಯೂಬಿನಿಂದ. ಹುಳುಕಡ್ಡಿಯ ಮೇಲೆ ಸ್ಟೀರಾಯ್ಡ್ ಬಿದ್ದರೆ ಕೆಂಪು, ತುರಿಕೆ ಇಳಿಯುತ್ತದೆ. ಒಳಗೆ ಫಂಗಸ್ ಹಬ್ಬುತ್ತಲೇ ಇರುತ್ತದೆ. ಉಂಗುರವೇ ಕಾಣದ ಹಾಗೆ ರೂಪ ಬದಲಾಗುತ್ತದೆ. ಹತ್ತು ಹದಿನೈದು ವರ್ಷದಿಂದ ನಮ್ಮ ದೇಶದಲ್ಲಿ ಹುಳುಕಡ್ಡಿ ಹಟ ಹಿಡಿದಿದೆ, ಮೊದಲಿನ ಮದ್ದಿಗೆ ಬಗ್ಗುವುದಿಲ್ಲ. ಹೊಸ ತಳಿಯ ಹೆಸರಿನಲ್ಲೇ ಇಂಡಿಯಾ ಉಂಟು, ಟ್ರೈಕೊಫೈಟಾನ್ ಇಂಡೊಟಿನೆಯೆ ಅಂತ. ಇಂಥ ಟ್ಯೂಬುಗಳ ಪಾಲು ಇದರಲ್ಲಿ ಸಣ್ಣದಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಅಕ್ಕ, ಯಜಮಾನರ ತೊಡೆಯದ್ದು ಹಚ್ಚುತ್ತಾ ಇದ್ದರೂ ದೊಡ್ಡದಾಗುತ್ತಿದೆ ಅಂದಿರಿ. ಅಲ್ಲಿಗೆ ಆ ಟ್ಯೂಬ್ ನಿಲ್ಲಿಸಿ, ಒಂದು ವಾರ ಏನೂ ಹಚ್ಚದೆ ಹೋಗಿ ತೋರಿಸಿ. ಆಗ ಅಸಲಿ ರೂಪ ಕಾಣುತ್ತದೆ.

ಚಪ್ಪಲಿ_ಭಾವ
ನನಗೆ ಒಂದು ವಿಚಿತ್ರ. ಅಡೂರಿನಲ್ಲಿ ರಬ್ಬರ್ ಟ್ಯಾಪಿಂಗ್ ಕೆಲಸ. ಎರಡೂ ಪಾದದ ಮೇಲೆ, ಹವಾಯಿ ಚಪ್ಪಲಿಯ ಪಟ್ಟಿ ಕೂರುವ ಜಾಗದಲ್ಲೇ ಸರಿಯಾಗಿ ಗೀಟು ಎಳೆದ ಹಾಗೆ ಕಪ್ಪು, ತುರಿಕೆ. ಮಳೆಗಾಲದಲ್ಲಿ ಜಾಸ್ತಿ.

ಪೆರ್ಲದ_ಚರ್ಮವೈದ್ಯೆ
ಭಾವಾ, ಇದರಲ್ಲಿ ವಿಚಿತ್ರ ಏನೂ ಇಲ್ಲ. ರಬ್ಬರನ್ನು ಗಟ್ಟಿ ಮಾಡಲು ಬೆರೆಸುವ ರಾಸಾಯನಿಕಗಳಿಗೆ ಅಲರ್ಜಿ. ಒದ್ದೆ ಕಾಲಿಗೆ ಅದು ಬೇಗ ಇಳಿಯುತ್ತದೆ, ಅದಕ್ಕೇ ಮಳೆಗಾಲ. ರಬ್ಬರ್ ಇಲ್ಲದ ಪಿಯು ಚಪ್ಪಲಿ ಹಾಕಿ ನೋಡಿ. ಚಪ್ಪಲಿ ಬದಲಿಸದೆ ಎಷ್ಟು ಮುಲಾಮು ಹಚ್ಚಿದರೂ ದಂಡ.

ತಾಗಿದ ಜಾಗದ ನಕ್ಷೆಯೇ ಚರ್ಮದ ಮೇಲೆ ಬರುವುದು ಅಲರ್ಜಿ ಇಸುಬಿನ ಗುರುತು. ಹೊಕ್ಕುಳ ಕೆಳಗೆ ಬಂದರೆ ಪ್ಯಾಂಟಿನ ಗುಂಡಿಯ ನಿಕ್ಕೆಲ್. ಕಿವಿಹಾಳೆಯಲ್ಲಾದರೆ ಗಿಲೀಟಿನ ಓಲೆ. ಹಣೆಯ ನಡುವೆಯಾದರೆ ಸ್ಟಿಕ್ಕರ್ ಬಿಂದಿಯ ಅಂಟು. ಕೆಲವರಿಗೆ ಅಲ್ಲಿ ಬಿಳಿಯೂ ಆಗುತ್ತದೆ. ಕಿವಿಯ ಹಿಂದೆ, ಕೂದಲಿನ ಅಂಚಿನಲ್ಲಿ ಬಂದರೆ ತಲೆಗೆ ಹಚ್ಚುವ ಕಪ್ಪು ಡೈ. ಗಾರೆ ಕೆಲಸದವರ ಕೈಗೆ ಬಂದರೆ ಸಿಮೆಂಟಿನ ಕ್ರೋಮೇಟ್.

ಪೈವಳಿಕೆ ಅಜ್ಜ ಹೇಳಿದ ಚೇರೆಯೂ ಇದೇ ಜಾತಿಯ ಕಥೆ. ಚೇರೆ, ಗೇರು, ಮಾವು ಮೂರೂ ಒಂದೇ ಕುಟುಂಬದ ಮರಗಳು. ಗೇರುಬೀಜದ ಸಿಪ್ಪೆಯ ಎಣ್ಣೆ, ಮಾವಿನ ಸೊನೆ, ಚೇರೆಯ ಕಪ್ಪು ಹಾಲು ಎಲ್ಲದರಲ್ಲೂ ಹತ್ತಿರ ಹತ್ತಿರದ ವಸ್ತುಗಳೇ. ಒಂದಕ್ಕೆ ಅಲರ್ಜಿಯಾದವರಿಗೆ ಇನ್ನೊಂದೂ ತಾಗಬಹುದು. ತಾಗಿ ಒಂದೆರಡು ದಿನ ಬಿಟ್ಟು ಏಳುತ್ತದೆ, ಹಾಲು ಹರಿದಲ್ಲಿ ಉದ್ದಕ್ಕೆ ಗುಳ್ಳೆಯ ಸಾಲು. ಎರಡು ಮೂರು ವಾರದಲ್ಲಿ ತಾನಾಗಿ ಇಳಿಯುತ್ತದೆ. ತಾರೆ ಮರಕ್ಕೆ ಹೆಸರು ಬಂದದ್ದು ಹಾಗೆ, ಅಜ್ಜ ಬೇಜಾರು ಮಾಡಿಕೊಳ್ಳಬಾರದು.

ಪೈವಳಿಕೆ_ಅಜ್ಜ
ಬೇಜಾರಿಲ್ಲ ಮಗಾ. ಸುತ್ತು ಬಂದರೆ ನಷ್ಟ ಏನೂ ಇಲ್ಲವಲ್ಲ. ನಿನ್ನ ಫೀಸಿಗಿಂತ ಅಗ್ಗ.

ನೀರ್ಚಾಲು_ಸೊಸೆ
😄 ಮೇಡಂ, ನಮ್ಮವರ ಅಂಗೈ ಬಗ್ಗೆ ಹೇಳಲಿಲ್ಲ. ಬೋರ್ಡೋ ಅಲರ್ಜಿಯಾ? ತೋಟದವರಿಗೆ ಅದು ಬಿಟ್ಟರೆ ಹೇಗೆ? ಕೊಳೆರೋಗ ಬಂದರೆ ಆ ವರ್ಷದ ಕಥೆ ಮುಗಿಯಿತು.

ಪೆರ್ಲದ_ಚರ್ಮವೈದ್ಯೆ
ಬೋರ್ಡೋ ಬಿಡಿ ಅಂತ ನಾನು ಹೇಳುವುದಿಲ್ಲ. ನನ್ನ ತವರಿನಲ್ಲೂ ಅಡಿಕೆಯೇ ಅನ್ನ.

ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಸುಣ್ಣ ಖಾರ, ಕೈಯ ಎಣ್ಣೆಯಂಶ ತೆಗೆಯುತ್ತದೆ. ಮೈಲುತುತ್ತೂ ಚರ್ಮ ಕೆರಳಿಸುತ್ತದೆ. ಇದು ಅಲರ್ಜಿ ಅಲ್ಲ, ಸವೆತ. ಯಾರ ಕೈಯಾದರೂ ಸಾಕಷ್ಟು ಹೊತ್ತು ಅದರಲ್ಲಿದ್ದರೆ ಒಡೆಯುತ್ತದೆ. ಅದರ ಮೇಲೆ ಪಾತ್ರೆ ಸೋಪು, ಅಡಿಕೆ ಸುಲಿಯುವುದು, ಹಟ್ಟಿ ತೊಳೆಯುವುದು ಸೇರಿದರೆ ಗುಣವಾಗಲು ಪುರುಸೊತ್ತೇ ಸಿಗುವುದಿಲ್ಲ. ಹೆಂಗಸರ ಕೈ ಇಸುಬಿನ ಕಾರಣವೂ ಹೆಚ್ಚಾಗಿ ಇದೇ: ನೀರು, ಸೋಪು, ಮತ್ತೆ ನೀರು.

ಮಾಡಬೇಕಾದ್ದು: ಕಲಸುವಾಗ ಉದ್ದ ಕೈಗವಸು. ಒಳಗೆ ತೆಳು ಹತ್ತಿಯದ್ದು, ಹೊರಗೆ ನೈಟ್ರೈಲ್ ಅಥವಾ ಪಿವಿಸಿ. ರಬ್ಬರ್ ಗ್ಲೌಸಿಗೇ ಅಲರ್ಜಿಯಾಗುವವರು ಇದ್ದಾರೆ, ಹಾಗಾಗಿ ನೈಟ್ರೈಲ್ ಅಂದದ್ದು. ಒಳಗೆ ಬೆವರಿದ ಕೂಡಲೇ ಹತ್ತಿಯದ್ದು ಬದಲಿಸಿ. ಕೆಲಸ ಮುಗಿದ ಮೇಲೆ ಡಿಟರ್ಜೆಂಟಿನಲ್ಲಿ ಉಜ್ಜುವುದು ಬೇಡ, ಸಾದಾ ನೀರು ಮತ್ತು ಮೆದು ಸೋಪು. ಮಲಗುವಾಗ ದಪ್ಪಗೆ ಮಾಯಿಶ್ಚರೈಸರ್ ಹಚ್ಚಿ ಹತ್ತಿ ಗ್ಲೌಸ್ ಹಾಕಿಕೊಳ್ಳಲಿ.

ಆದರೆ ಕೆಲಸ ಬಿಟ್ಟು ಎರಡು ಮೂರು ವಾರವಾದರೂ ಇಳಿಯದಿದ್ದರೆ ಅಲರ್ಜಿ ಹುಡುಕಬೇಕು. ಅದಕ್ಕೆ ಪ್ಯಾಚ್ ಟೆಸ್ಟ್. ಸಂಶಯದ ವಸ್ತುಗಳನ್ನು ಬೆನ್ನಿಗೆ ಅಂಟಿಸಿ 48 ಗಂಟೆ ಬಿಟ್ಟು ತೆಗೆದು ನೋಡುತ್ತೇವೆ, 96 ಗಂಟೆಗೆ ಮತ್ತೊಮ್ಮೆ. ಅಷ್ಟು ದಿನ ಬೆನ್ನಿಗೆ ನೀರು ತಾಗಬಾರದು, ಬೆವರು ಸುರಿಯುವ ಕೆಲಸ ಮಾಡಬಾರದು. ಕೊಯ್ಲಿನ ಸಮಯದಲ್ಲಿ ಬಂದರೆ ನಿಮಗೂ ನಷ್ಟ, ನಮಗೂ ಫಲ ಸಿಗುವುದಿಲ್ಲ. ರಕ್ತ ತೆಗೆದು ಅಲರ್ಜಿ ನೋಡುವ ದುಬಾರಿ ಪ್ಯಾಕೇಜುಗಳು ಈ ತರದ ಅಲರ್ಜಿಯನ್ನು ಹೇಳುವುದಿಲ್ಲ.

ಇನ್ನೊಂದು ನೋಡಿಕೊಳ್ಳಿ. ಒಡೆಯುವ ಮೊದಲು ಬೆರಳಿನ ಬದಿಯಲ್ಲಿ, ಅಂಗೈ ಒಳಗೆ ಬೇಯಿಸಿದ ಸಾಬಕ್ಕಿಯಂಥ ನೀರುಗುಳ್ಳೆ ಬರುತ್ತದಾ? ಬಂದರೆ ಅದು ಪೊಂಫೋಲಿಕ್ಸ್. ಸೆಕೆ, ಬೆವರು, ಮನಸ್ಸಿನ ಒತ್ತಡ ಎಲ್ಲ ಅದನ್ನು ಎಬ್ಬಿಸುತ್ತವೆ. ಅಂಗೈ ಚರ್ಮ ದಪ್ಪ, ಹಾಗಾಗಿ ಅಲ್ಲಿಗೆ ಮಾತ್ರ ಜೋರಿನ ಸ್ಟೀರಾಯ್ಡ್ ಕೆಲವು ದಿನ ಬೇಕಾಗಬಹುದು.

ಸ್ಟೀರಾಯ್ಡ್_ಬೇಡ
ಮೇಡಂ, ನೀವೇ ಮೇಲೆ ಸ್ಟೀರಾಯ್ಡ್ ಕೆಟ್ಟದು ಅಂದಿರಿ, ಈಗ ನೀವೇ ಹಚ್ಚಿ ಅನ್ನುತ್ತೀರಿ. ನನ್ನ ತಂಗಿ ಮುಖ ಬೆಳ್ಳಗಾಗಲು ಹಚ್ಚಿ ಈಗ ಬಿಸಿಲಿಗೆ ಹೋಗಲು ಆಗುವುದಿಲ್ಲ. ಮುಖ ಕೆಂಪು, ಸಣ್ಣ ರಕ್ತನಾಳ ಕಾಣುತ್ತದೆ. ನಾನಂತೂ ಗರಿಕೆ ಎಣ್ಣೆ, ನಾಲ್ಪಾಮರಾದಿ ಎಣ್ಣೆ ಬಿಟ್ಟು ಬೇರೆ ಮುಟ್ಟುವುದಿಲ್ಲ.

ಪೆರ್ಲದ_ಚರ್ಮವೈದ್ಯೆ
ತಂಗಿಗೆ ಆದದ್ದು ಇಲ್ಲಿ ದಿನಾ ನೋಡುತ್ತೇವೆ. ಅದು ಕಾಯಿಲೆಯೇ ಇಲ್ಲದ ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದ್ದು. ಬೇಕಾದ ಜಾಗಕ್ಕೆ, ಬೇಕಾದ ಜೋರಿನದ್ದು, ಬೇಕಾದಷ್ಟೇ ದಿನ ಹಚ್ಚುವುದು ಬೇರೆ ಮಾತು.

ಅಳತೆ ತುಂಬ ಸುಲಭ. ಟ್ಯೂಬಿನಿಂದ ತೋರುಬೆರಳಿನ ತುದಿಯ ಗೆರೆವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅಷ್ಟು ದೊಡ್ಡವರ ಎರಡು ಅಂಗೈ ಅಗಲದ ಚರ್ಮಕ್ಕೆ ಸಾಕು. ಹೆದರಿ ಸಾಸಿವೆಯಷ್ಟು ಹಚ್ಚಿದರೆ ಗುಣವಾಗುವುದಿಲ್ಲ, ಆಮೇಲೆ ತಿಂಗಳುಗಟ್ಟಲೆ ಹಚ್ಚುತ್ತಾ ಕೂರುತ್ತೀರಿ. ಅದೇ ಹೆಚ್ಚು ಅಪಾಯ.

ಎಣ್ಣೆ ವಿಷಯ: ಒಣಗಿದ, ಒಡೆಯದ ಚರ್ಮಕ್ಕೆ ಹಚ್ಚಲು ನನ್ನ ಅಡ್ಡಿ ಇಲ್ಲ. ತೆಂಗಿನೆಣ್ಣೆಗಂತೂ ಸ್ವಲ್ಪ ಆಧಾರವೂ ಉಂಟು. ಫಿಲಿಪ್ಪೀನ್ಸ್‌ನಲ್ಲಿ ಅಟೋಪಿಕ್ ಇಸುಬಿನ ಮಕ್ಕಳಿಗೆ 8 ವಾರ ಹಚ್ಚಿ ನೋಡಿದ ಅಧ್ಯಯನದಲ್ಲಿ, ಶುದ್ಧ ಹಸಿ ತೆಂಗಿನೆಣ್ಣೆ ಮಿನರಲ್ ಆಯಿಲಿಗಿಂತ ಚೆನ್ನಾಗಿ ಕೆಲಸ ಮಾಡಿತ್ತು. ಸಾಸಿವೆ ಎಣ್ಣೆ, ಆಲಿವ್ ಎಣ್ಣೆ ಮಾತ್ರ ಬೇಡ. ನೀರು ಒಸರುವ ಜಾಗಕ್ಕೆ ಯಾವ ಎಣ್ಣೆಯೂ ಬೇಡ. ಮತ್ತೆ, ಲೇಬಲ್ ಇಲ್ಲದ ಪುಡಿ, ಮಾತ್ರೆ ತಿನ್ನಬೇಡಿ. ಎರಡೇ ದಿನದಲ್ಲಿ ಜಾದೂ ಆದರೆ ಅದರಲ್ಲಿ ಸ್ಟೀರಾಯ್ಡ್ ಪುಡಿ ಇದೆಯಾ ಅಂತ ಸಂಶಯಪಡುವುದೇ ಒಳ್ಳೆಯದು.

ತಲೆಹೊಟ್ಟು
ನಡುವೆ ಒಂದು ಪ್ರಶ್ನೆ. ಹುಬ್ಬು, ಮೂಗಿನ ಬದಿ, ಗಡ್ಡದಲ್ಲಿ ಜಿಡ್ಡು ಜಿಡ್ಡಾಗಿ ಹಳದಿ ಹೊಟ್ಟು. ಇದೂ ಇಸುಬೇನಾ?

ಪೆರ್ಲದ_ಚರ್ಮವೈದ್ಯೆ
ಹೌದು, ಸೆಬೊರಿಕ್. ಚರ್ಮದಲ್ಲೇ ಇರುವ ಮಲಸೇಜಿಯ ಅನ್ನುವ ಯೀಸ್ಟಿನ ಪಾತ್ರ ಉಂಟು. 2% ಕೀಟೊಕೊನಜೋಲ್ ಶಾಂಪೂ ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯಿರಿ, ವಾರಕ್ಕೆರಡು ಸಲ. ತಲೆಗೆ ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಡುವುದು ನಿಲ್ಲಿಸಿ. ಪೂರ್ತಿ ಹೋಗುವುದಿಲ್ಲ, ಹತೋಟಿಯಲ್ಲಿ ಇರುತ್ತದೆ.

ಕೌಂಟರಿನ_ಆಚೆ
ಅಕ್ಕನ ಅತ್ತೆಯ ಕಾಲು ಉಳಿಯಿತಲ್ಲ ಮೇಡಂ. ನನಗೆ ಅದೇ ಜಾಸ್ತಿ ಚಿಂತೆ.

ಪೆರ್ಲದ_ಚರ್ಮವೈದ್ಯೆ
ನನಗೂ. ಅಕ್ಕ, ಅವರ ಕಾಲಿನಲ್ಲಿ ಉಬ್ಬಿದ ನರ ಇದೆಯಾ? ಸಂಜೆಗೆ ಊತ ಬಂದು ಬೆಳಿಗ್ಗೆ ಇಳಿಯುತ್ತದಾ? ಸಕ್ಕರೆ ಕಾಯಿಲೆ ಇದೆಯಾ?

ನೀರ್ಚಾಲು_ಸೊಸೆ
ನರ ಉಬ್ಬಿದ್ದು ತುಂಬ ವರ್ಷದಿಂದ ಉಂಟು. ಸಂಜೆಗೆ ಊತವೂ ಉಂಟು. ಶುಗರ್ ಇದೆ, ಮಾತ್ರೆ ತೆಗೆದುಕೊಳ್ಳುತ್ತಾರೆ. ಟ್ಯೂಬ್ ಹಚ್ಚಲು ಶುರು ಮಾಡಿದ ಮೇಲೆ ಒಸರುವುದು ಜಾಸ್ತಿಯೇ ಆಗಿದೆ ಅನಿಸುತ್ತದೆ.

ಪೆರ್ಲದ_ಚರ್ಮವೈದ್ಯೆ
ಹಾಗಾದರೆ ಇದು ಉಬ್ಬುನರದ ಇಸುಬು ಇರಬೇಕು. ನರದ ಕವಾಟ ಸೋತು ರಕ್ತ ಕೆಳಗೇ ನಿಲ್ಲುತ್ತದೆ. ಕಾಲಗಂಟಿನ ಒಳಬದಿ ಕಂದು ಕಪ್ಪು ಬಣ್ಣ, ತುರಿಕೆ, ಆಮೇಲೆ ಹುಣ್ಣು. ಮುಲಾಮು ಇಲ್ಲಿ ಎರಡನೇ ಮದ್ದು. ಮೊದಲನೆಯದು ಕಾಲನ್ನು ಎದೆಗಿಂತ ಮೇಲೆ ಇಟ್ಟು ಮಲಗುವುದು ಮತ್ತು ಬಿಗಿ ಸ್ಟಾಕಿಂಗ್. ಆದರೆ ಶುಗರ್ ಇರುವವರು ಸುಮ್ನೆ ಅಂಗಡಿಯಿಂದ ತಂದು ಹಾಕಬಾರದು. ಕಾಲಿಗೆ ಬರುವ ರಕ್ತ ಸರಿ ಇದೆಯಾ ಅಂತ ನಾಡಿ, ಡಾಪ್ಲರ್ ನೋಡಿದ ಮೇಲೆಯೇ ಹಾಕಬೇಕು.

ಒಸರು ಜಾಸ್ತಿಯಾಗಿದ್ದಕ್ಕೆ ನನ್ನ ಸಂಶಯ ನಿಯೋಮೈಸಿನ್ ಮೇಲೆ. ಕಾಲಿನ ಇಸುಬು, ಹುಣ್ಣು ಇರುವವರಿಗೆ ನಿಯೋಮೈಸಿನ್ ಅಲರ್ಜಿ ಬೇಗ ಹತ್ತುತ್ತದೆ. ಟ್ಯೂಬಿನಲ್ಲೇ ಸ್ಟೀರಾಯ್ಡ್ ಇರುವುದರಿಂದ ಆ ಅಲರ್ಜಿ ಅರ್ಧ ಮುಚ್ಚಿಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಮದ್ದೇ ಹೊಸ ಕಾಯಿಲೆ.

ಕಾಲಿನ ಮೇಲೆ ಬರೀ ಒಣ ಬಿರುಕು, ಊತವಿಲ್ಲ ಅಂದರೆ ಅದು ವಯಸ್ಸಾದವರ ಒಣ ಇಸುಬು. ಬಿಸಿನೀರು ಮತ್ತು ಸೋಪು ಕಡಿಮೆ ಮಾಡಿ ಮಾಯಿಶ್ಚರೈಸರ್ ಹಚ್ಚಿದರೆ ಸಾಕಾಗುತ್ತದೆ. ಅತ್ತೆಯದ್ದು ಹಾಗಲ್ಲ. ಊತ ಬೆಳಿಗ್ಗೆಯೂ ಇಳಿಯದೆ ಚರ್ಮ ದಪ್ಪಗಾದರೆ ಆನೆಕಾಲೂ ಇರಬಹುದು. ಅದಕ್ಕೆ ಕಾಸರಗೋಡಿನ ಉಳಿಯತ್ತಡ್ಕದಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಹೆಸರುವಾಸಿ, ಹತ್ತಿರವೇ ಉಂಟಲ್ಲ.

ದುಬೈ_ಬಸ್ಸು
ತುರಿಕೆಯೇ ಇಲ್ಲದ ಬಿಳಿಚು ಕಲೆ ಇದ್ದರೆ? ನಮ್ಮ ಕೆಲಸದವನೊಬ್ಬನಿಗೆ ಉಂಟು, ಅಲ್ಲಿ ಚಿವುಟಿದರೂ ಗೊತ್ತಾಗುವುದಿಲ್ಲ ಅನ್ನುತ್ತಾನೆ.

ಪೆರ್ಲದ_ಚರ್ಮವೈದ್ಯೆ
ಈ ವಾರವೇ ಕಳುಹಿಸಿ. ಸ್ಪರ್ಶ ಇಲ್ಲದ ಕಲೆ ಇಸುಬಲ್ಲ, ಕುಷ್ಠ ಇರಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮದ್ದು ಉಚಿತ, ಪೂರ್ತಿ ಗುಣವಾಗುತ್ತದೆ. ಅವನನ್ನು ಹೆದರಿಸಬೇಡಿ, ಕೆಲಸದಿಂದ ತೆಗೆಯಲೂ ಬೇಡಿ.

ನೀರ್ಚಾಲು_ಸೊಸೆ
ಹೋಗಿ ಬಂದೆವು. ಎಲ್ಲರೂ ಕೇಳುತ್ತಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ. ತೊಡೆಯದ್ದು ಹುಳುಕಡ್ಡಿಯೇ. ಕೆರೆದು ನೋಡಿದರು, ಮಾತ್ರೆ ಕೊಟ್ಟಿದ್ದಾರೆ. ಕಲೆ ಹೋದ ಮೇಲೂ ನಿಲ್ಲಿಸಬೇಡಿ ಅಂದಿದ್ದಾರೆ. ಮಗಳು ಈಗ ರಾತ್ರಿ ಮಲಗುತ್ತಾಳೆ, ಮುಲಾಮು ಡಬ್ಬ ಮಾತ್ರ ಬೇಗ ಖಾಲಿ. ಅತ್ತೆಗೆ ಡಾಪ್ಲರ್ ಮಾಡಿದರು, ಸ್ಟಾಕಿಂಗ್ ಹಾಕಬಹುದಂತೆ. ಅವರು ಒಪ್ಪುವುದಿಲ್ಲ, ಸೆಕೆ ಅನ್ನುತ್ತಾರೆ. ಬದನೆಕಾಯಿ ಮಾತ್ರ ನಮಗೂ ತಿನ್ನಲು ಬಿಡುವುದಿಲ್ಲ.

ಒಸರುವ ಜಾಗಕ್ಕೆ ನೇರಳೆ ಹರಳು ನೀರಿಗೆ ಹಾಕಿ ಬಟ್ಟೆ ಅದ್ದಿ ಇಡಲು ಹೇಳಿದ್ದಾರೆ. ಎಷ್ಟು ಹಾಕುವುದು ಅಂತ ಕೇಳಲು ಮರೆತೆ.

ಕೌಂಟರಿನ_ಆಚೆ
ಪೊಟ್ಯಾಸಿಯಂ ಪರ್ಮಾಂಗನೇಟ್. ಒಂದೆರಡು ಹರಳು ಸಾಕು, ಪೂರ್ತಿ ಕರಗಬೇಕು. ನೀರು ತಿಳಿ ಗುಲಾಬಿ ಬಣ್ಣಕ್ಕೆ ಬರಬೇಕು, ನೇರಳೆಯಾದರೆ ಜಾಸ್ತಿಯಾಯಿತು ಅಂತ, ಚರ್ಮ ಸುಡುತ್ತದೆ. ಹತ್ತು ಹದಿನೈದು ನಿಮಿಷ ಇಟ್ಟು ತೆಗೆಯಿರಿ. ಒಸರು ನಿಂತ ದಿನವೇ ನಿಲ್ಲಿಸಿ, ಇಲ್ಲದಿದ್ದರೆ ಒಣಗಿ ಬಿರುಕು ಬಿಡುತ್ತದೆ. ಪೊಟ್ಟಣ ಮಗುವಿನ ಕೈಗೆ ಸಿಗದ ಜಾಗದಲ್ಲಿ ಇಡಿ.

ಪೆರ್ಲದ_ಚರ್ಮವೈದ್ಯೆ
ಸರಿಯಾಗಿ ಹೇಳಿದರು. ಸ್ಟಾಕಿಂಗ್ ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಡುವ ಮೊದಲೇ ಹಾಕಿಸಿ, ಊತ ಬರುವ ಮೊದಲು ಸುಲಭವಾಗಿ ಏರುತ್ತದೆ. ರಾತ್ರಿ ತೆಗೆಯಬಹುದು. ಬದನೆಕಾಯಿ ಬಗ್ಗೆ ಅತ್ತೆಯ ಹತ್ತಿರ ವಾದ ಮಾಡಲು ನನ್ನಿಂದ ಆಗದು.